ಸಿಟ್ಟು ಯಾರ ಮುಂದೆ ಬರುತ್ತದೆ? ಶಿರಸಿಯಲ್ಲಿ ನಡೆದ ಒಂದು ದಿನದ ತರಬೇತಿಯ ಬಗ್ಗೆ

ಲೆಕ್ಕದ ವಿಭಾಗದವಳಾದ್ದರಿಂದ ದುಡ್ಡಿನ ಮಾತನ್ನು ಮೊದಲೇ ಮುಗಿಸುತ್ತೇನೆ. ತಲೆಗೆ 1,800 ರೂಪಾಯಿ. ಅದರಲ್ಲಿ ಎರಡು ಹೊತ್ತಿನ ಚಹಾ, ಮಧ್ಯಾಹ್ನದ ಊಟ, ಬಣ್ಣದ ಹಾಳೆಯ ಕೈಪಿಡಿ ಮತ್ತು ನನ್ನ ಹೆಸರಿನ ಕಾಗುಣಿತ ತಪ್ಪಿದ ಒಂದು ಪ್ರಮಾಣಪತ್ರ. ಬೆಳಿಗ್ಗೆ ಒಂಬತ್ತೂವರೆಗೆ ಶುರು, ಸಂಜೆ ಐದಕ್ಕೆ ಮುಕ್ತಾಯ. ಜಾಗ ಶಿರಸಿ ಪೇಟೆಯೊಳಗಿನ ಒಂದು ಸಭಾಭವನ. ವಿಷಯ, ಕೆಲಸದ ಜಾಗದಲ್ಲಿ ಆಕ್ರಮಣಕಾರಿ ವರ್ತನೆಯನ್ನು ಗುರುತಿಸುವುದು ಮತ್ತು ಅರ್ಥ ಮಾಡಿಕೊಳ್ಳುವುದು. ನಾನು ಕೆಲಸ ಮಾಡುವ ಸಹಕಾರಿ ಸಂಘದಿಂದ ಇಬ್ಬರನ್ನು ಕಳಿಸಿದರು: ನನ್ನನ್ನು ಮತ್ತು ನಗದು ಕೌಂಟರಿನ ಹುಡುಗನನ್ನು. ನಗದು ಕೌಂಟರಿಗೆ ಈ ತರಬೇತಿ ಏಕೆ ಬೇಕೆಂದು ಸೊಸೈಟಿಯ ಮೆಟ್ಟಿಲು ಹತ್ತಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಡೆಸಿದವರು ಘಟ್ಟದಾಚೆಯ ದೊಡ್ಡ ಊರಿನಿಂದ ಬಂದವರು. ಹೆಸರು ಹಾಕುತ್ತಿಲ್ಲ. ಇದೇ ಸರಕನ್ನು ಮಾರುವವರು ಈಗ ಹಲವರಿದ್ದಾರೆ; ಯಾರಿಂದ ಕೊಂಡರೂ ಒಳಗೆ ಏನಿರಬೇಕು, ಯಾವುದು ಬರಿಯ ತುಂಬುಸಾಮಾನು ಎಂದು ತಿಳಿದಿದ್ದರೆ ಸಾಕು. ಬಂದಿದ್ದವರ ಪಟ್ಟಿ ಮಾತ್ರ ಸ್ವಾರಸ್ಯವಾಗಿತ್ತು. ಕುಮಟೆಯ ಪೆಟ್ರೋಲ್ ಬಂಕಿನ ಮ್ಯಾನೇಜರ್, ಗೋಕರ್ಣದಲ್ಲಿ ವಸತಿಗೃಹ ನಡೆಸುವವರು, ಕಾರವಾರದ ಆಸ್ಪತ್ರೆಯೊಂದರ ಹಿರಿಯ ದಾದಿ, ಇಬ್ಬರು ಬ್ಯಾಂಕಿನವರು, ಯಲ್ಲಾಪುರದ ಕಡೆಯ ಒಬ್ಬ ಮುಖ್ಯೋಪಾಧ್ಯಾಯರು, ಅಡಿಕೆ ವಖಾರಿಯ ಗುಮಾಸ್ತರೊಬ್ಬರು. ಇಷ್ಟು ಬಗೆಯ ಬೈಗುಳ ತಿಂದವರನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದಕ್ಕೇ ಅರ್ಧ ಶುಲ್ಕ ಕೊಡಬಹುದು.

ಮೊದಲ ಒಂದು ಗಂಟೆ ದಂಡ. ಪರದೆಯ ಮೇಲೆ ಟೈ ಕಟ್ಟಿದ ವಿದೇಶಿ ಗೃಹಸ್ಥನೊಬ್ಬ ಕೀಬೋರ್ಡನ್ನು ಮೇಜಿಗೆ ಅಪ್ಪಳಿಸುತ್ತಿದ್ದ. ಮುಂದಿನ ಚಿತ್ರದಲ್ಲಿ ಅವನೇ ಬಾಯಿ ಅಗಲಿಸಿ ಬೆರಳು ತೋರಿಸುತ್ತಿದ್ದ. ಶಿರಸಿಯ ಯಾವ ಕಚೇರಿಯಲ್ಲೂ ಯಾರೂ ಕೀಬೋರ್ಡ್ ಒಡೆಯುವುದಿಲ್ಲ; ಹೊಸದಕ್ಕೆ ಠರಾವು ಆಗಬೇಕು. ಆ ಬಳಿಕ ಕಣ್ಣು ಮುಚ್ಚಿಸಿ ದೀರ್ಘವಾಗಿ ಉಸಿರು ಎಳೆಸಿದರು, ಸಕಾರಾತ್ಮಕವಾಗಿ ಯೋಚಿಸಿ ಎಂದರು. ಬೈಸಿಕೊಂಡವರೇ ಯೋಚನೆಯ ಬಗೆ ಬದಲಿಸಿಕೊಳ್ಳಬೇಕೆಂಬ ಈ ಉಪದೇಶ ನನಗೆ ಯಾವತ್ತೂ ಸೇರುವುದಿಲ್ಲ. ಕೈಪಿಡಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ತರಬೇತುದಾರರು ಬಾಯಲ್ಲಿ ಒಳ್ಳೆಯ ಕನ್ನಡ ಆಡುತ್ತಿದ್ದರಿಂದ ಈ ಕೊರತೆ ಇನ್ನಷ್ಟು ಚುಚ್ಚಿತು. ವಖಾರಿಯ ಗುಮಾಸ್ತರು ಕೈಪಿಡಿಯನ್ನು ಒಮ್ಮೆ ತಿರುವಿಹಾಕಿ, ಅದರ ಮೇಲೆ ಚಹಾದ ಲೋಟ ಇಟ್ಟುಕೊಂಡರು.

ಗಟ್ಟಿ ದನಿಯನ್ನೇ ಆಕ್ರಮಣ ಎಂದು ತಿಳಿದರೆ ನಮ್ಮ ಜಿಲ್ಲೆಯಲ್ಲಿ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ನಾನು ಕಾರವಾರದ ಬೈತಖೋಲ ಬಂದರಿನ ಆಸುಪಾಸಿನಲ್ಲಿ ಬೆಳೆದು, ಮದುವೆಯಾಗಿ ಘಟ್ಟ ಹತ್ತಿದವಳು. ಅಲ್ಲಿ ಬೋಟು ಬಂದು ಬುಟ್ಟಿ ಇಳಿದ ಕೂಡಲೇ ಶುರುವಾಗುವ ಹರಾಜಿನ ಕೂಗಾಟ ಕೇಳಿದ ಹೊರಗಿನವರು ಇನ್ನೇನು ಹೊಡೆದಾಟವೇ ಆಗುತ್ತದೆ ಎಂದುಕೊಳ್ಳುತ್ತಾರೆ. ಬಂಗಡೆಯ ಬುಟ್ಟಿಯೊಂದಕ್ಕೆ ಒಬ್ಬರ ಮೂರು ತಲೆಮಾರನ್ನು ಇನ್ನೊಬ್ಬರು ಎಳೆದು ತರುತ್ತಾರೆ. ಕಾಲು ಗಂಟೆ ಕಳೆಯುವಷ್ಟರಲ್ಲಿ ಅವರಿಬ್ಬರೂ ಒಂದೇ ಬೆಂಚಿನ ಮೇಲೆ ಚಹಾ ಕುಡಿಯುತ್ತಿರುತ್ತಾರೆ, ಮಂಜುಗಡ್ಡೆಯ ಪೆಟ್ಟಿಗೆ ಎತ್ತಲು ಒಬ್ಬರಿಗೊಬ್ಬರು ಕೈ ಜೋಡಿಸುತ್ತಾರೆ. ಆ ಕೂಗಿಗೆ ಹೆದರಿ ಯಾರೂ ಮರುದಿನ ಬಂದರಿಗೆ ಬರುವುದನ್ನು ಬಿಟ್ಟದ್ದಿಲ್ಲ. ಶಿರಸಿಯಲ್ಲಿ ನಾನು ಕಂಡದ್ದು ಬೇರೆ. ಇಲ್ಲಿ ದನಿ ಏರುವುದಿಲ್ಲ, ಬಹುವಚನ ತಪ್ಪುವುದಿಲ್ಲ, ಎಲೆಯಡಿಕೆಯ ಕವಳದ ತಟ್ಟೆ ಮುಂದೆ ಬರುತ್ತದೆ; ಆದರೂ ಮನುಷ್ಯ ಸಂಜೆ ಮನೆಗೆ ಹೋಗುವಾಗ ರಾಜೀನಾಮೆ ಪತ್ರದ ಒಕ್ಕಣೆಯನ್ನು ಮನಸ್ಸಿನಲ್ಲೇ ಬರೆದುಕೊಂಡು ಹೋಗುತ್ತಾನೆ.

ಹತ್ತೂಮುಕ್ಕಾಲರ ಸುಮಾರಿಗೆ ತರಬೇತುದಾರರು ಒಂದು ಕೋಷ್ಟಕ ಬರೆದರು. ಶುಲ್ಕ ವಸೂಲಾಗತೊಡಗಿದ್ದು ಅಲ್ಲಿಂದ. ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ನಾಲ್ಡ್ ಬಸ್ 1961ರಲ್ಲಿ ಮಾಡಿದ ವಿಂಗಡಣೆ ಅದು. ಆಕ್ರಮಣ ಮೈಯಿಂದ ನಡೆಯುತ್ತದೆಯೋ ಮಾತಿನಿಂದಲೋ, ಏನನ್ನಾದರೂ ಮಾಡುವುದರಿಂದಲೋ, ಮಾಡಬೇಕಾದದ್ದನ್ನು ಮಾಡದೆ ಬಿಡುವುದರಿಂದಲೋ, ನೇರವಾಗಿಯೋ ಸುತ್ತುಬಳಸಿಯೋ. ಮೂರು ಜೋಡಿ ಸೇರಿ ಎಂಟು ಮನೆಗಳು. ಮೈಯಿಂದ, ನೇರವಾಗಿ, ಮಾಡುವುದರಿಂದ ಎಂಬ ಮನೆಯಲ್ಲಿ ಹೊಡೆತ, ತಳ್ಳಾಟ ಕೂರುತ್ತವೆ. ಪತ್ರಿಕೆಯಲ್ಲಿ ಬರುವುದು ಈ ಒಂದು ಮನೆಯ ಸುದ್ದಿ. ಮಿಕ್ಕ ಏಳರಲ್ಲಿ ಏನಿದೆ ಎಂದು ನಮ್ಮಿಂದಲೇ ತುಂಬಿಸಿದರು. ಬ್ಯಾಂಕಿನವರೊಬ್ಬರು, ಸಭೆ ಇದೆಯೆಂದು ತಮಗೊಬ್ಬರಿಗೇ ತಿಳಿಸದೆ ಇದ್ದದ್ದನ್ನು ಹೇಳಿದರು. ಮುಖ್ಯೋಪಾಧ್ಯಾಯರು, ತಾವು ಕೋಣೆಗೆ ಕಾಲಿಟ್ಟರೆ ಮಾತು ನಿಲ್ಲಿಸಿ ಎದ್ದುಹೋಗುವ ಸಹೋದ್ಯೋಗಿಗಳ ಸಂಗತಿ ಹೇಳಿದರು. ನಮ್ಮ ನಗದು ಕೌಂಟರಿನ ಹುಡುಗ, ಬಾಯಿ ಬಿಡದವನು, ‘ಅಪವಾದ ಸುಳ್ಳೆಂದು ಗೊತ್ತಿದ್ದವರೂ ಸುಮ್ಮನೆ ಕೂತರೆ ಅದು ಯಾವ ಮನೆಗೆ ಬರುತ್ತದೆ?’ ಎಂದು ಕೇಳಿದ. ಮಾತಿನಿಂದ, ಸುತ್ತುಬಳಸಿ, ಮಾಡದೆ ಬಿಡುವುದರಿಂದ ಎಂಬ ಮನೆ ಅದಕ್ಕಾಗಿಯೇ ಇತ್ತು. ಹುಡುಗ ಅದನ್ನು ಬರೆದುಕೊಂಡ. ಯಾರ ಬಗ್ಗೆ ಕೇಳಿದ್ದೆಂದು ನಾನು ವಿಚಾರಿಸಲು ಹೋಗಲಿಲ್ಲ.

ನನಗೆ ನೆನಪಾದದ್ದು ಹಿಂದೊಮ್ಮೆ ಕೆಲಸ ಮಾಡಿದ ಕಚೇರಿಯ ಕಪಾಟು. ಹಸಿರು ಬಣ್ಣದ ಕಬ್ಬಿಣದ ಕಪಾಟು, ಖಾತೆ ಪುಸ್ತಕಗಳೆಲ್ಲ ಅದರೊಳಗೆ. ಕೀಲಿಕೈ ಮೇಲಿನವರ ಅಂಗಿಯ ಜೇಬಿನಲ್ಲಿ. ದಿನದ ಲೆಕ್ಕ ಮುಗಿಸುವ ಹೊತ್ತಿಗೆ ಸರಿಯಾಗಿ ಅವರು ಎದ್ದು, ‘ಈಗ ಬಂದೆ ತಂಗಿ’ ಎಂದು ಹೇಳಿ ಪೇಟೆಗೆ ಹೋಗುತ್ತಿದ್ದರು. ಬರುವಾಗ ಬಸ್ಸಿನ ಹೊತ್ತು ಮೀರಿರುತ್ತಿತ್ತು. ಮರುದಿನ ಆಡಳಿತ ಮಂಡಳಿಯವರ ಎದುರು ಮೃದುವಾಗಿ, ಹೆಚ್ಚು ಕಡಿಮೆ ಮರುಕದಿಂದ ಕೇಳುತ್ತಿದ್ದರು: ‘ಲೆಕ್ಕ ಯಾಕೆ ಬಾಕಿ ಉಳಿಯಿತು ತಂಗಿ? ಮನೆಯಲ್ಲಿ ಏನಾದರೂ ತೊಂದರೆಯೇ?’ ಕೇಳಿದವರೆಲ್ಲ ಅವರ ಸಜ್ಜನಿಕೆಯನ್ನು ಕೊಂಡಾಡುತ್ತಿದ್ದರು. ಕೆಲಸವನ್ನು ಬೇಕೆಂದೇ ತಡವಾಗಿಸಿ ಎದುರಿನವರನ್ನು ನಾಲಾಯಕ್ಕು ಎಂದು ತೋರಿಸುವುದು ಆ ಕೋಷ್ಟಕದ ಒಂದು ಮನೆಯಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಈಗ ಯಾರಾದರೂ ಕಣ್ಣೊರೆಸಿಕೊಳ್ಳುತ್ತ ಬಂದು ‘ಅವರು ಏನೂ ಬೈದಿಲ್ಲ, ಆದರೂ…’ ಎಂದರೆ ಆ ‘ಆದರೂ’ ಯಾವ ಮನೆಯದು ಎಂದು ಹುಡುಕಬಲ್ಲೆ.

ಇನ್ನೊಂದು ಮಾತು ಕೈಪಿಡಿಯಲ್ಲಿ ಇರಲಿಲ್ಲ, ತರಬೇತುದಾರರ ಬಾಯಿಂದ ಬಂತು. ನಾನು ಅವರಿಗೆ ಅಂಕ ಕೊಡುವುದು ಅದಕ್ಕೆ. ಪೆಟ್ರೋಲ್ ಬಂಕಿನ ಮ್ಯಾನೇಜರ್ ಸಾಹೇಬರು ಪ್ರಾಮಾಣಿಕರು. ‘ನನಗೆ ಸಿಟ್ಟು ಬಂದರೆ ಕಣ್ಣು ಕಾಣುವುದಿಲ್ಲ, ಹುಡುಗರಿಗೆ ಬೈದುಬಿಡುತ್ತೇನೆ, ಮನಸ್ಸಿನಲ್ಲಿ ಏನೂ ಇಲ್ಲ’ ಎಂದರು. ನಮ್ಮ ಕಡೆ ಇದಕ್ಕೆ ಒಳ್ಳೆಯ ಹೆಸರೇ ಇದೆ: ಬಾಯಿ ಕೆಟ್ಟದ್ದು, ಮನಸ್ಸು ಬೆಣ್ಣೆ. ತರಬೇತುದಾರರು ಕೇಳಿದರು, ‘ಮಾಲೀಕರು ಎದುರಿಗಿದ್ದಾಗ ಕಣ್ಣು ಕಾಣದಂತಾದದ್ದು ಉಂಟೇ?’ ಇಲ್ಲ. ‘ತೂಕ ಮತ್ತು ಅಳತೆ ತಪಾಸಣೆಗೆ ಬರುವ ಅಧಿಕಾರಿ ಕಾಟ ಕೊಟ್ಟಾಗ?’ ಅದೂ ಇಲ್ಲ. ‘ಹಾಗಾದರೆ ನಿಮ್ಮ ಕಣ್ಣು ಚೆನ್ನಾಗಿಯೇ ಕಾಣುತ್ತದೆ.’ ಕೋಣೆಯಲ್ಲಿ ನಗು ಎದ್ದಿತು. ಮ್ಯಾನೇಜರೂ ನಕ್ಕರು, ಆದರೆ ಊಟದ ತನಕ ಮತ್ತೆ ಬಾಯಿ ತೆರೆಯಲಿಲ್ಲ.

ಈ ಪ್ರಶ್ನೆಯೊಂದನ್ನು ಎತ್ತಿಕೊಂಡರೆ ಅರ್ಧ ವಿಷಯ ಬಿಡಿಸಿಕೊಳ್ಳುತ್ತದೆ. ಬಿಸಿಯಲ್ಲಿ ಸ್ಫೋಟಿಸುವ ಸಿಟ್ಟೊಂದಿದೆ. ಬೇಕಾದದ್ದನ್ನು ಪಡೆಯಲು ಉಪಕರಣದಂತೆ ಹೊರತೆಗೆಯುವ ಸಿಟ್ಟು ಇನ್ನೊಂದು. ಹೊರಗಿನಿಂದ ಎರಡೂ ಒಂದೇ ತೆರನಾಗಿ ಕಾಣುತ್ತವೆ, ಅದೇ ಕೆಂಪು ಮುಖ, ಅದೇ ಎತ್ತರದ ದನಿ. ಎರಡನೆಯದು ಸದಾ ಇಳಿಜಾರು ಹುಡುಕಿಕೊಂಡು ಹರಿಯುತ್ತದೆ: ಅಧ್ಯಕ್ಷರಿಂದ ಮ್ಯಾನೇಜರಿಗೆ, ಮ್ಯಾನೇಜರಿಂದ ಗುಮಾಸ್ತನಿಗೆ, ಗುಮಾಸ್ತನಿಂದ ಕಸ ಗುಡಿಸುವ ಹೆಂಗಸಿಗೆ. ಮೇಲೆ ಹತ್ತಿದ್ದನ್ನು ನಾನು ಕಂಡಿಲ್ಲ. ಕಚೇರಿಯೊಂದರಲ್ಲಿ ಯಾರು ಹೇಗೆ ಎಂದು ತಿಳಿಯಬೇಕಾದರೆ ಗಲಾಟೆಯ ಸದ್ದನ್ನು ಬಿಟ್ಟು ಅದರ ದಿಕ್ಕನ್ನು ನೋಡಬೇಕು. ಬಂದರಿನ ಹರಾಜಿನಲ್ಲಿ ಬೈಗುಳ ಎರಡೂ ಕಡೆ ಹೋಗುತ್ತದೆ. ಬೈಸಿಕೊಂಡವನು ತಿರುಗಿಸಿ ಬೈದರೆ ಅವನ ಅನ್ನ ಹೋಗುವುದಿಲ್ಲ.

ಊಟದ ಬಗ್ಗೆ ಒಂದೇ ಮಾತು: ಅಪ್ಪೆಹುಳಿ ಎರಡು ಲೋಟ ಕುಡಿದೆ, ಮೂರನೆಯದಕ್ಕೆ ಸಂಕೋಚವಾಯಿತು. ಊಟ ಆದ ಮೇಲೆ ಮುಕ್ಕಾಲು ಗಂಟೆ ಭಾಷಣ ಇಟ್ಟದ್ದು ಯಾರ ಬುದ್ಧಿಯೋ ತಿಳಿಯದು. ಬ್ಯಾಂಕಿನವರಿಬ್ಬರೂ ನಿದ್ದೆ ಹೋದರು.

ಮಧ್ಯಾಹ್ನದ ಭಾಗ ಕೌಂಟರಿನಾಚೆಯಿಂದ ಬರುವ ಆಕ್ರಮಣದ್ದು. ಇಲ್ಲಿ ನಮ್ಮ ಸೊಸೈಟಿಯ ಉದಾಹರಣೆಯನ್ನೇ ಎತ್ತಿಕೊಂಡರು. ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆಯಷ್ಟೆ. ಪರಿಹಾರ ನಿಗದಿಯಾಗುವುದು ಹವಾಮಾನ ಮಾಪನ ಕೇಂದ್ರದ ಅಂಕಿ ಅಂಶದ ಮೇಲೆ. ಆ ವರ್ಷ ಕೊಳೆರೋಗದಿಂದ ಅಡಿಕೆ ಕೊನೆಯೆಲ್ಲ ಉದುರಿದ ತೋಟದ ಯಜಮಾನ ಬಂದು, ‘ಪಕ್ಕದ ಪಂಚಾಯಿತಿಗೆ ಬಂದ ದುಡ್ಡು ನಮಗೇಕೆ ಬರಲಿಲ್ಲ?’ ಎಂದು ಕೇಳುತ್ತಾನೆ. ಕೌಂಟರಿನ ಹುಡುಗ ಅರ್ಜಿ ತುಂಬಿ ಕಳಿಸಿದವನು ಮಾತ್ರ. ಮಳೆ ಅಳೆದವನೂ ಅವನಲ್ಲ, ಹಣ ತಡೆದವನೂ ಅವನಲ್ಲ. ಬೆಳೆಸಾಲದ ಕಂತಿನದ್ದೂ ಇದೇ ಕಥೆ. ಗಡುವು ದಾಟಿದರೆ ಶೂನ್ಯ ಬಡ್ಡಿಯ ಸವಲತ್ತು ಕೈತಪ್ಪುತ್ತದೆ ಎಂಬುದನ್ನು ಹೇಳಬೇಕಾದ ಬಾಯಿ ಅವನದ್ದು, ನಿಯಮ ಮಾಡಿದವರು ಬೇರೆ ಎಲ್ಲೋ. ಎಟುಕದವರ ಮೇಲಿನ ಸಿಟ್ಟು ಎಟುಕುವವನ ಮೇಲೆ ಬೀಳುತ್ತದೆ.

ಇದರ ಹಿಂದಿನ ಸಿದ್ಧಾಂತವೆಂದು 1939ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜಾನ್ ಡಾಲರ್ಡ್ ಮತ್ತು ಸಂಗಡಿಗರು ಮಂಡಿಸಿದ್ದನ್ನು ಹೇಳಿದರು: ಹಂಬಲಿಸಿದ್ದಕ್ಕೆ ಅಡ್ಡಿಯಾದಾಗ ಹುಟ್ಟುವ ಹತಾಶೆಯೇ ಆಕ್ರಮಣಕ್ಕೆ ಮೂಲ. ಹತಾಶೆ ಇದ್ದಲ್ಲೆಲ್ಲ ಆಕ್ರಮಣ ಎಂಬಂತೆ ಅಲ್ಲಿಗೇ ನಿಲ್ಲಿಸಿದರು. ಮಗಳು ಮನಶ್ಶಾಸ್ತ್ರ ಓದುತ್ತಿರುವುದರಿಂದ ಮನೆಗೆ ಬಂದು ಅವಳ ಪಠ್ಯ ತಿರುವಿದೆ. ಅದೇ ಗುಂಪಿನ ನೀಲ್ ಮಿಲ್ಲರ್ 1941ರಲ್ಲೇ ಆ ಮಾತನ್ನು ತಿದ್ದಿದ್ದಾರೆ: ಹತಾಶೆಯಿಂದ ಹುಟ್ಟುವ ಹಲವು ಪ್ರತಿಕ್ರಿಯೆಗಳಲ್ಲಿ ಆಕ್ರಮಣವೂ ಒಂದು. ಈ ತಿದ್ದುಪಡಿ ನಮಗೆ ಮುಖ್ಯ. ಕೊಳೆರೋಗ ಎಲ್ಲರ ತೋಟಕ್ಕೂ ಬಂದಿರುತ್ತದೆ, ಕೌಂಟರಿನ ಕಿಟಕಿಗೆ ಗುದ್ದುವವರು ಒಬ್ಬಿಬ್ಬರು. ಮಿಕ್ಕವರು ಹತಾಶೆಯನ್ನು ನುಂಗಿಕೊಂಡು, ಪಾಸ್ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟು ಬಸ್ಸಿಗೆ ಹೋಗುತ್ತಾರೆ. ಕಷ್ಟ ಅರ್ಥವಾಗುತ್ತದೆ ಎಂದಾಕ್ಷಣ ಗುದ್ದಿದ್ದು ಸರಿಯಾಗುವುದಿಲ್ಲ. ಹೆಸರಿನಲ್ಲಿ ‘ಅರ್ಥ ಮಾಡಿಕೊಳ್ಳುವುದು’ ಎಂದು ಇಟ್ಟುಕೊಂಡ ತರಬೇತಿ ಈ ಗೆರೆಯನ್ನು ಇನ್ನೂ ಸ್ಪಷ್ಟವಾಗಿ ಎಳೆಯಬೇಕಿತ್ತು.

ಮುನ್ಸೂಚನೆಗಳ ಪಾಠ ಮಾತ್ರ ಮೊದಲ ದರ್ಜೆಯದು. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ನಿಂತಲ್ಲಿ ನಿಲ್ಲದೆ ಅತ್ತಿತ್ತ ತಿರುಗುವುದು, ದವಡೆ ಬಿಗಿಯುವುದು, ಮುಷ್ಟಿ ಕಟ್ಟುವುದು ಮತ್ತು ಹೆಚ್ಚಿನವರು ಗಮನಿಸದ ಒಂದು: ಕೂಗಾಡುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾಗಿ ನೆಟ್ಟ ನೋಟ ಬೀರುವುದು. ಸಮಾಧಾನವಾಯಿತು ಎಂದು ನಾವು ನಿಟ್ಟುಸಿರು ಬಿಡುವ ಆ ಗಳಿಗೆ ಅಪಾಯದ್ದೂ ಆಗಿರಬಹುದು. ಆಗ ಎರಡು ತೋಳಿನಷ್ಟು ಅಂತರ ಇರಲಿ, ಮೈ ಮುಟ್ಟಬೇಡಿ, ‘ಸಮಾಧಾನ ಮಾಡಿಕೊಳ್ಳಿ’ ಎಂದು ಆಜ್ಞೆ ಮಾಡಬೇಡಿ, ಅವರ ಮತ್ತು ಬಾಗಿಲಿನ ನಡುವೆ ನಿಲ್ಲಬೇಡಿ, ನೀವೂ ಬಾಗಿಲಿನಿಂದ ದೂರ ಸಿಕ್ಕಿಹಾಕಿಕೊಳ್ಳಬೇಡಿ. ಇದನ್ನು ಅಭಿನಯಿಸಿ ತೋರಿಸಲು ಕಾರವಾರದ ದಾದಿಯನ್ನು ಕರೆದರು. ರೋಗಿಯ ಅಣ್ಣನ ಪಾತ್ರ ಅವರದು. ಆ ಹೆಂಗಸು ರಾತ್ರಿ ಪಾಳಿಯಲ್ಲಿ ಏನೇನು ಕಂಡಿದ್ದಾರೋ, ಸೆರಗು ಬಿಗಿದು, ಮೇಜಿನ ಮೇಲಿದ್ದ ನೀರಿನ ಬಾಟಲಿ ಹಿಡಿದು ‘ಡಾಕ್ಟರ್ ಎಲ್ಲಿ?’ ಎಂದು ಒಂದು ಹೆಜ್ಜೆ ಮುಂದಿಟ್ಟರು ನೋಡಿ, ತರಬೇತುದಾರರು ಹಿಂದೆ ಸರಿದು ಸರಿದು ಕೋಣೆಯ ಇದ್ದೊಂದು ಬಾಗಿಲಿಗೇ ಬೆನ್ನು ಕೊಟ್ಟು ನಿಂತರು. ಅವರ ಬೆನ್ನಿನ ಒತ್ತಿಗೆ ಬಾಗಿಲು ಮುಚ್ಚಿಕೊಂಡಿತು. ಐದು ನಿಮಿಷದ ಹಿಂದೆ ಹೇಳಿದ ಸೂತ್ರವನ್ನು ಇಷ್ಟು ಚೆನ್ನಾಗಿ ನೆನಪಿನಲ್ಲಿ ಉಳಿಸುವ ವಿಧಾನ ಇನ್ನೊಂದಿಲ್ಲ.

ಕಾನೂನಿಗೆ ಕೊಟ್ಟದ್ದು ಕೊನೆಯ ಹತ್ತು ನಿಮಿಷ, ಚಹಾದ ವಾಸನೆ ಬರತೊಡಗಿದ ಮೇಲೆ. ಇದು ದೊಡ್ಡ ಕೊರತೆ. ಲೈಂಗಿಕ ಕಿರುಕುಳದ ದೂರು ವಿಚಾರಿಸುವ ನಮ್ಮ ಸಂಘದ ಆಂತರಿಕ ಸಮಿತಿಯ ಅಧ್ಯಕ್ಷತೆ ನನ್ನ ಪಾಲಿಗೆ ಬಂದಿರುವುದರಿಂದ ಅವರು ಬಿಟ್ಟದ್ದನ್ನು ಇಲ್ಲಿ ಹೇಳುತ್ತೇನೆ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ನೌಕರೆ, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು, ಜೊತೆಗೆ ಹೊರಗಿನ ಒಬ್ಬರು. ಘಟನೆ ನಡೆದು ಮೂರು ತಿಂಗಳೊಳಗೆ ಲಿಖಿತ ದೂರು, ತಡವಾದದ್ದಕ್ಕೆ ಕಾರಣ ಸರಿಯೆನಿಸಿದರೆ ಇನ್ನೂ ಮೂರು ತಿಂಗಳು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಹೋಟೆಲುಗಳವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಹೊನ್ನಾವರದ ಬಟ್ಟೆ ಅಂಗಡಿಯಲ್ಲಿ ನಾಲ್ಕು ಹುಡುಗಿಯರು ಕೆಲಸ ಮಾಡುತ್ತಿದ್ದರೆ ಅವರಿಗೆ ಬೇಕಾದದ್ದು ಈ ಕೊನೆಯ ಸಾಲು, ಅದನ್ನೇ ಹೇಳಲಿಲ್ಲ.

ಲೈಂಗಿಕವಲ್ಲದ ಕಾಟಕ್ಕೆ, ಅಂದರೆ ಆ ಕಪಾಟಿನ ಕೀಲಿಕೈಯಂಥದ್ದಕ್ಕೆ, ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಬೆದರಿಕೆಯಾದರೆ ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಂ, ಶಾಂತಿಭಂಗಕ್ಕೆ ಕೆರಳಿಸುವ ಉದ್ದೇಶದ ಅವಮಾನವಾದರೆ 352. ಸರ್ಕಾರಿ ನೌಕರರನ್ನು ಕರ್ತವ್ಯದಿಂದ ತಡೆಯಲು ಹಲ್ಲೆ ಮಾಡಿದರೆ 132. ಆಸ್ಪತ್ರೆಯವರಿಗೆ ಇದಲ್ಲದೆ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯುವ ಕರ್ನಾಟಕದ 2009ರ ಕಾಯ್ದೆಯೂ ಇದೆ. ಇವೆಲ್ಲ ಆ ಎಂಟು ಮನೆಗಳಲ್ಲಿ ಒಂದೆರಡಕ್ಕೆ ಮಾತ್ರ ತಲುಪುತ್ತವೆ.

ಎಷ್ಟು ಸಲ ಆದರೆ ಕಾಟ ಎನ್ನಬೇಕು ಎಂದು ಮುಖ್ಯೋಪಾಧ್ಯಾಯರು ಕೇಳಿದ್ದಕ್ಕೆ ತರಬೇತುದಾರರು ಸ್ವೀಡನ್ನಿನಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಹೈಂಜ್ ಲೇಮನ್ ಅವರ ಅಳತೆ ಕೊಟ್ಟರು: ವಾರಕ್ಕೆ ಒಮ್ಮೆಯಾದರೂ, ಆರು ತಿಂಗಳಾದರೂ. ಸಂಶೋಧನೆಗೆ ಅದು ಸರಿಯಿರಬಹುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ 190ನೆಯ ಒಡಂಬಡಿಕೆ, ಒಂದೇ ಸಲ ನಡೆದದ್ದೂ ಹಿಂಸೆ ಮತ್ತು ಕಿರುಕುಳವಾಗಬಹುದು ಎನ್ನುತ್ತದೆ. ಕಚೇರಿ ನಡೆಸುವವರಿಗೆ ಎರಡನೆಯ ಅಳತೆಯೇ ಒಳ್ಳೆಯದು. ಆರು ತಿಂಗಳು ಕಾದರೆ ಕಾಟ ಕೊಟ್ಟವನು ಅಲ್ಲೇ ಇರುತ್ತಾನೆ, ತಿಂದವನು ಊರು ಬಿಟ್ಟಿರುತ್ತಾನೆ.

ಗೋಕರ್ಣದವರ ಪ್ರಶ್ನೆಗೆ ಯಾರ ಬಳಿಯೂ ಉತ್ತರ ಇರಲಿಲ್ಲ. ಅವರ ವಸತಿಗೃಹದಲ್ಲಿ ದೂರದ ರಾಜ್ಯಗಳ ಹುಡುಗರು ಕೆಲಸಕ್ಕಿದ್ದಾರೆ. ಮಲಗುವುದು ಅಲ್ಲೇ ತಾರಸಿಯ ಕೋಣೆಯಲ್ಲಿ, ಉಣ್ಣುವುದು ಅಲ್ಲೇ. ಅಡುಗೆಯ ಮುಖ್ಯಸ್ಥ ಹಗಲು ಬೈದವನೇ ರಾತ್ರಿ ಪಕ್ಕದ ಚಾಪೆಯಲ್ಲಿ ಮಲಗಿರುತ್ತಾನೆ. ‘ಸ್ವಲ್ಪ ಹೊತ್ತು ಜಾಗ ಬಿಟ್ಟು ಹೊರಗೆ ಹೋಗಿ’ ಎಂಬ ಕೈಪಿಡಿಯ ಸಲಹೆಯನ್ನು ಆ ಹುಡುಗ ಎಲ್ಲಿಗೆ ಹೋಗಿ ಪಾಲಿಸಬೇಕು? ತರಬೇತುದಾರರು ಬರೆದುಕೊಂಡರು, ಮುಂದಿನ ಸಲ ಸೇರಿಸುತ್ತೇವೆ ಎಂದರು. ಬರೆದುಕೊಂಡದ್ದನ್ನು ಕಂಡಿದ್ದೇನೆ, ಅಷ್ಟರ ಮಟ್ಟಿಗೆ ನಂಬುತ್ತೇನೆ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಕೋಷ್ಟಕಕ್ಕೆ, ಮುನ್ಸೂಚನೆಗಳಿಗೆ ಮತ್ತು ಪೆಟ್ರೋಲ್ ಬಂಕಿನ ಪ್ರಶ್ನೆಗೆ ಪೂರ್ಣ ಅಂಕ. ಕೈಪಿಡಿಗೂ ಉಸಿರಾಟಕ್ಕೂ ಸೊನ್ನೆ. ನಮ್ಮ ಸೊಸೈಟಿಯಲ್ಲಿ ನಗದು ಕೋಣೆಯ ಬಾಗಿಲಿಗೆ ಅಡ್ಡಲಾಗಿದ್ದ ಸದಸ್ಯರ ಬೆಂಚನ್ನು ಎದುರು ಗೋಡೆಗೆ ಸರಿಸಿದ್ದೇವೆ. ಕಪಾಟುಗಳಿಗೆ ಎರಡನೆಯ ಕೀಲಿಕೈ ಮಾಡಿಸಬೇಕೆಂಬ ನನ್ನ ಟಿಪ್ಪಣಿ ಮುಂದಿನ ಸಭೆಯ ವಿಷಯ ಪಟ್ಟಿಯಲ್ಲಿದೆ, ನಾಲ್ಕನೆಯ ವಿಷಯವಾಗಿ.

ನಿಮ್ಮ ಕಚೇರಿಗೆ ಇಂಥದ್ದನ್ನು ಕೊಳ್ಳುವುದಾದರೆ ಮುಂಗಡ ಕೊಡುವ ಮೊದಲೇ ಕನ್ನಡದ ಕೈಪಿಡಿ ತೋರಿಸಿ ಎನ್ನಿ, ಕಾನೂನಿಗೆ ಒಂದು ಗಂಟೆಯಾದರೂ ಇದೆಯೇ ಕೇಳಿ. ಕೌಂಟರಿನವರನ್ನು ಕಳಿಸಿದಷ್ಟೇ ಮುಖ್ಯವಾಗಿ ಕೀಲಿಕೈ ಇಟ್ಟುಕೊಂಡವರನ್ನೂ ಕಳಿಸಿ. ಆ ದಿನ ಕೋಣೆಯಲ್ಲಿ ಮ್ಯಾನೇಜರ್ ಎನ್ನಿಸಿಕೊಂಡವರು ಒಬ್ಬರೇ ಇದ್ದರು. ಮುಂದಿನ ಶಿಬಿರ ಮಳೆಗಾಲದಲ್ಲಿ ಶಿರಸಿಯಲ್ಲೇ ಅಂತೆ. ಕಾರವಾರ, ಕುಮಟೆಯ ಕಡೆಯಿಂದ ಬರುವವರು ದೇವಿಮನೆ ಘಟ್ಟದಲ್ಲಿ ವಾಹನ ಬಿಡುತ್ತಿದ್ದಾರೆಯೇ ಎಂದು ಹಿಂದಿನ ದಿನವೇ ವಿಚಾರಿಸಿಕೊಳ್ಳಿ, ಶುಲ್ಕ ವಾಪಸು ಕೊಡುವುದಿಲ್ಲ.